ಕಾರ್ಡು ಒಂದೇ, ಉಪಚಾರ ಊರಿಗೊಂದು

ಪೀಣ್ಯದಲ್ಲಿ ಮಷೀನ್ ಟೂಲ್ ಮಾರಿ ಬದುಕುವವರ ಪಂಚಾಂಗವೇ ಬೇರೆ. ಬೆಸ ಸಂಖ್ಯೆಯ ವರ್ಷ ಬಂತೆಂದರೆ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಇಎಂಒ ಪ್ರದರ್ಶನ. ಸಮ ವರ್ಷವಾದರೆ ಅದೇ ತಿಂಗಳು ಶಿಕಾಗೋದಲ್ಲಿ ಐಎಂಟಿಎಸ್, ಅದರ ಆಯಾಸ ಕಳೆಯುವಷ್ಟರಲ್ಲಿ ಟೋಕಿಯೋದಲ್ಲಿ ಜಿಮ್‌ಟಾಫ್. ಬ್ಯಾಂಕಾಕಿನ ಮೆಟಲೆಕ್ಸ್ ವರ್ಷ ವರ್ಷವೂ ನವೆಂಬರಿನಲ್ಲಿ. ಇವುಗಳ ನಡುವೆ ಗಿರಾಕಿಗಳು ಕರೆದಲ್ಲಿಗೆ ಓಡಾಟ: ಜಕಾರ್ತ, ದುಬೈ, ರಿಯಾದ್, ನಮ್ಮದೇ ರಾಜ್‌ಕೋಟ್. ಹೀಗೆ ಕಂಪನಿಯ ಖರ್ಚಿನಲ್ಲಿ ಮಲಗಿದ ರಾತ್ರಿಗಳೆಲ್ಲ ನನ್ನ ಹೆಸರಿಗೆ ಜಮೆಯಾಗಿ, ದೊಡ್ಡ ಹೋಟೆಲ್ ಸರಪಳಿಯೊಂದು ನನ್ನನ್ನು ಪ್ಲಾಟಿನಂ ಸದಸ್ಯ ಎಂದು ಕರೆಯತೊಡಗಿತು. ಆ ಬಿರುದಿನ ಜೊತೆ ಬಂದ ಮುಖ್ಯ ಆಸ್ತಿ ಎಂದರೆ ಎಕ್ಸಿಕ್ಯೂಟಿವ್ ಲೌಂಜಿನ ಪ್ರವೇಶ.

ಅದನ್ನು ನೋಡಿಲ್ಲದವರಿಗಾಗಿ ಎರಡು ಮಾತು. ದೊಡ್ಡ ಹೋಟೆಲಿನ ಮೇಲಿನ ಮಹಡಿಯೊಂದರಲ್ಲಿ, ಕೀ ಕಾರ್ಡು ತೋರಿಸಿದರೆ ಮಾತ್ರ ಬಾಗಿಲು ತೆರೆಯುವ ಒಂದು ವಿಶಾಲ ಕೋಣೆ. ಬೆಳಿಗ್ಗೆ ತಿಂಡಿ, ಹಗಲೆಲ್ಲ ಕಾಫಿ, ಟೀ, ಬಿಸ್ಕತ್ತು, ಸಂಜೆ ಸುಮಾರು ಎರಡು ಗಂಟೆ ಕಾಲ ತಿನ್ನಲು ಏನಾದರೂ, ಕುಡಿಯುವವರಿಗೆ ಬಿಯರು, ವೈನು. ಕೂತು ಚೆಕ್-ಇನ್ ಮಾಡಬಹುದು. ಸಣ್ಣ ಮೀಟಿಂಗ್ ರೂಮನ್ನು ಒಂದೆರಡು ಗಂಟೆ ಬಿಟ್ಟಿಯಾಗಿ ಕೊಡುವುದೂ ಉಂಟು. ಇಲ್ಲಿಗೆ ಹೋಗಲು ಇರುವ ದಾರಿ ಎರಡು. ಕ್ಲಬ್ ರೂಮು ಎಂದು ಹೆಚ್ಚು ಬಾಡಿಗೆಯ ಕೋಣೆ ತೆಗೆದುಕೊಳ್ಳಬೇಕು, ಇಲ್ಲವೇ ನನ್ನ ಹಾಗೆ ವರ್ಷದಲ್ಲಿ ಹೆಂಡತಿ ಮಕ್ಕಳಿಗಿಂತ ಹೆಚ್ಚಾಗಿ ಹೋಟೆಲಿನವರ ಮುಖ ನೋಡಬೇಕು. ಮ್ಯಾರಿಯಟ್‌ನಲ್ಲಿ ಇದಕ್ಕೆ ವರ್ಷಕ್ಕೆ 50 ರಾತ್ರಿ ಬೇಕು, ಹಯಾತ್‌ನಲ್ಲಿ 60. ಮ್ಯಾರಿಯಟ್‌ನಲ್ಲಿ 25 ರಾತ್ರಿಗೇ ಗೋಲ್ಡ್ ಎಂಬ ಕಾರ್ಡು ಸಿಗುತ್ತದೆ, ಆದರೆ ಲೌಂಜಿನ ಬಾಗಿಲಲ್ಲಿ ಅದು ನಡೆಯುವುದಿಲ್ಲ. ಅದೇ ಕಂಪನಿಯ ರಿಟ್ಜ್-ಕಾರ್ಲ್‌ಟನ್ನಿನ ಕ್ಲಬ್ ಲೌಂಜಿಗೆ ಪ್ಲಾಟಿನಮ್ಮೂ ಸಾಲದು, ದುಡ್ಡು ಕೊಟ್ಟೇ ಹೋಗಬೇಕು.

ನಾನು ಸಸ್ಯಾಹಾರಿ, ಮದ್ಯ ಮುಟ್ಟುವವನಲ್ಲ. ನನ್ನ ಜೊತೆ ಬರುವ ಸರ್ವಿಸ್ ಮ್ಯಾನೇಜರು ಮಂಡ್ಯ ಕಡೆಯವರು, ಎರಡರಲ್ಲೂ ಮಡಿ ಇಲ್ಲ. ಹಾಗಾಗಿ ಯಾವ ಊರಿನ ಲೌಂಜಿಗೂ ನಾವಿಬ್ಬರೂ ಒಂದೇ ಅಂಕ ಕೊಟ್ಟದ್ದು ನೆನಪಿಲ್ಲ. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದೆ. ಕಾರ್ಡಿನ ಹಿಂದಿನ ನಿಯಮ ಎಲ್ಲ ದೇಶಕ್ಕೂ ಬಹುಪಾಲು ಒಂದೇ. ತಟ್ಟೆಗೆ ಏನು ಬೀಳುತ್ತದೆ ಎಂಬುದನ್ನು ಮಾತ್ರ ಆ ಊರಿನ ಕೂಲಿ, ಆ ಊರಿನ ಮದ್ಯದ ಕಾನೂನು, ಆ ಕಟ್ಟಡದ ಮಾಲೀಕ ಸೇರಿ ತೀರ್ಮಾನಿಸುತ್ತಾರೆ. ಇದು ತಿಳಿಯದೆ ಒಂದು ಊರಿನಲ್ಲಿ ಸಿಕ್ಕಿದ್ದನ್ನು ಇನ್ನೊಂದು ಊರಿನಲ್ಲಿ ಕೇಳಿದರೆ ರಿಸೆಪ್ಷನ್ನಿನ ಹುಡುಗಿ ನಗುಮುಖದಲ್ಲೇ ನಮ್ಮನ್ನು ನಿಭಾಯಿಸಿ ಕಳಿಸುತ್ತಾಳೆ.

ಆಗ್ನೇಯ ಏಷ್ಯಾದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನನ್ನ ಅಭ್ಯಾಸ ಕೆಟ್ಟದ್ದು ಅಲ್ಲಿ. ಜಕಾರ್ತದ ಕಾರ್ಖಾನೆಗಳೆಲ್ಲ ಪೂರ್ವಕ್ಕಿರುವ ಚಿಕಾರಾಂಗ್, ಬೆಕಾಸಿ ಕಡೆ. ಸಂಜೆ ನಾಲ್ಕಕ್ಕೆ ಅಲ್ಲಿಂದ ಹೊರಟರೆ ಟೋಲ್ ರಸ್ತೆಯಲ್ಲಿ ಸಿಕ್ಕಿಕೊಂಡು ಹೋಟೆಲು ಸೇರುವಾಗ ಮತ್ತೆ ಹೊರಗೆ ಕಾಲಿಡುವ ಆಸೆಯೇ ಸತ್ತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಲೌಂಜಿನಲ್ಲಿ ಸಂಜೆಯ ಬಡಿಸುವಿಕೆ ಶುರುವಾಗಿರುತ್ತದೆ. ಕುರುಕಲು ಎನ್ನುತ್ತಾರೆ, ನಿಜದಲ್ಲಿ ಅದು ಪೂರ್ತಿ ಊಟ. ಮುಚ್ಚಳ ತೆಗೆದರೆ ಹಬೆಯಾಡುವ ನಾಲ್ಕೈದು ಪಾತ್ರೆಗಳು, ಎದುರಿಗೇ ನೂಡಲ್ಸ್ ಬೇಯಿಸಿ ಕೊಡುವ ಒಬ್ಬ, ಹಣ್ಣುಗಳ ಸಾಲು, ಅಕ್ಕಿ ಹಿಟ್ಟು, ತೆಂಗಿನಕಾಯಿ, ಬೆಲ್ಲದ ಸಿಹಿಗಳು. ಈ ಸಿಹಿಗಳನ್ನು ತಿಂದರೆ ನಮ್ಮ ಕರಾವಳಿಯವರಿಗೆ ಯಾವುದೋ ನೆಂಟರ ಮನೆಗೆ ಬಂದಂತಾಗಬೇಕು. ಎರಡನೆಯ ಸಂಜೆ ಹೋದಾಗಲೇ ಅಲ್ಲಿನ ಹೆಣ್ಣುಮಗಳು, ನಾನು ಕೇಳುವ ಮೊದಲೇ, ಹಾಲಿಲ್ಲದ ಚಹಾ ತಂದಿಟ್ಟಳು.

ಸಸ್ಯಾಹಾರಿಗೆ ಅಲ್ಲೊಂದು ಪಾಠವಿದೆ. ಸೋಯಾ ಕಾಳು ಹುದುಗಿಸಿ ಮಾಡಿದ ತೆಂಪೆ ನಮ್ಮಂಥವರ ಪಾಲಿನ ಆಪದ್ಬಾಂಧವ. ಆದರೆ ಅದರ ಪಕ್ಕದ ಬಟ್ಟಲಿನಲ್ಲಿರುವ ಕೆಂಪು ಸಾಂಬಲ್ ಚಟ್ನಿಯಲ್ಲಿ ಬಹಳ ಸಲ ಸೀಗಡಿ ಅರೆದ ಮಸಾಲೆ ಇರುತ್ತದೆ. ‘ಮಾಂಸ ಬೇಡ’ ಎಂದರೆ ಅಡುಗೆಯವರು ಪ್ರಾಮಾಣಿಕವಾಗಿಯೇ ತಲೆಯಾಡಿಸುತ್ತಾರೆ. ಅವರ ಲೆಕ್ಕದಲ್ಲಿ ಸೀಗಡಿ ಮಸಾಲೆ ಮಾಂಸವಲ್ಲ. ಬ್ಯಾಂಕಾಕಿನಲ್ಲಿ ಮೀನಿನ ಸಾಸಿನದೂ ಇದೇ ಕತೆ, ಟೋಕಿಯೋದಲ್ಲಿ ಒಣ ಮೀನಿನ ಚೂರಿನಿಂದ ತೆಗೆದ ದಾಶಿ ಸಾರಿನದೂ ಅದೇ. ಹಾಗಾಗಿ ಪೂರ್ವಕ್ಕೆ ಹೋದರೆ ‘ಮೀನು, ಸೀಗಡಿ, ಅವುಗಳ ಸಾಸು, ಅವುಗಳ ಸಾರು ಯಾವುದೂ ಬೇಡ’ ಎಂದು ಒಂದೊಂದಾಗಿ ಬಿಡಿಸಿ ಹೇಳಿ. ಲೌಂಜಿನ ಅನುಕೂಲವೆಂದರೆ ಅಲ್ಲಿ ಬಾಣಸಿಗನನ್ನೇ ಕರೆಸಿ ಕೇಳಬಹುದು. ಕೆಳಗಿನ ಬಫೆಯ ಗದ್ದಲದಲ್ಲಿ ಅದು ಆಗದ ಮಾತು.

ಇಷ್ಟು ಧಾರಾಳ ಅವರಿಗೆ ಹೇಗೆ ಗಿಟ್ಟುತ್ತದೆ? ಒಂದು ಲೆಕ್ಕ ಹಾಕಿ ನೋಡಿದೆ. 2025ರಲ್ಲಿ ಜಕಾರ್ತದ ಕನಿಷ್ಠ ಕೂಲಿ ತಿಂಗಳಿಗೆ ಸುಮಾರು 54 ಲಕ್ಷ ರೂಪಿಯಾ, ಅಂದರೆ ಸರಿಸುಮಾರು 300 ಯೂರೊ. ಅದೇ ವರ್ಷ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ. ಜಕಾರ್ತದ ಒಬ್ಬ ನೌಕರನ ಇಡೀ ತಿಂಗಳ ಕನಿಷ್ಠ ಸಂಬಳವನ್ನು ಹ್ಯಾನೋವರಿನವನು ಮೂರು ದಿನದಲ್ಲಿ ದುಡಿಯುತ್ತಾನೆ. ಜಕಾರ್ತದ ಲೌಂಜಿನಲ್ಲಿ ಆರೇಳು ಜನ ಓಡಾಡಿಕೊಂಡು ಬಡಿಸುತ್ತಾರೆ, ಹ್ಯಾನೋವರಿನಲ್ಲಿ ಒಬ್ಬಳೇ ಎಲ್ಲವನ್ನೂ ನೋಡಿಕೊಳ್ಳುತ್ತಾಳೆ ಎಂದರೆ ಅದರಲ್ಲಿ ಸಂಸ್ಕೃತಿ, ಅತಿಥಿ ದೇವೋಭವ ಇತ್ಯಾದಿಗಳ ಪಾತ್ರ ನಾವು ಹೊಗಳುವಷ್ಟು ದೊಡ್ಡದಲ್ಲ. ನಮ್ಮ ದೇಶದ ಲೌಂಜುಗಳ ವೈಭವಕ್ಕೂ ಇದೇ ಮಾತು ಸಲ್ಲುತ್ತದೆ. ಒಪ್ಪಿಕೊಳ್ಳಲು ಸ್ವಲ್ಪ ಕಸಿವಿಸಿಯಾಗುತ್ತದೆ, ಅಷ್ಟೆ.

ಇನ್ನು ಶಿಕಾಗೋ. ಐಎಂಟಿಎಸ್ ಶುರುವಾಗುವುದು ಸೋಮವಾರ, ಮಿಷಿಗನ್ ಸರೋವರದ ದಂಡೆಯ ಮೆಕಾರ್ಮಿಕ್ ಪ್ಲೇಸಿನಲ್ಲಿ. ಮಳಿಗೆ ಹಾಕುವವರು ಶನಿವಾರವೇ ಊರು ಸೇರಿರಬೇಕು. ಹಾಗೆ ಶನಿವಾರ ಸಂಜೆ ಬಂದಿಳಿದು, ಹೆಸರು ಬೇಡ, ಒಂದು ದೊಡ್ಡ ಹೋಟೆಲಿನಲ್ಲಿ ಲಿಫ್ಟ್ ಹತ್ತಿ ಲೌಂಜಿನ ಬಾಗಿಲಿಗೆ ಕಾರ್ಡು ತೋರಿಸಿದರೆ ಕೆಂಪು ದೀಪ. ಬಾಗಿಲ ಮೇಲೊಂದು ಚೀಟಿ: ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಮುಚ್ಚಿದೆ. ಕೆಳಗಿಳಿದು ಕೇಳಿದರೆ ‘ವಾರಾಂತ್ಯದಲ್ಲಿ ಬಿಸಿನೆಸ್ ಅತಿಥಿಗಳು ಮನೆಗೆ ಹೋಗಿರುತ್ತಾರಲ್ಲವೇ’ ಎಂಬ ಉತ್ತರ. ಅವರ ದೃಷ್ಟಿಯಲ್ಲಿ ಅದು ಸರಿಯೇ. ಅಮೆರಿಕದಲ್ಲಿ ಲೌಂಜು ಎನ್ನುವುದು ಸೋಮವಾರ ಬಂದು ಗುರುವಾರ ಹೋಗುವ ಕನ್ಸಲ್ಟೆಂಟುಗಳಿಗಾಗಿ ಹುಟ್ಟಿದ ಏರ್ಪಾಡು. ಜಕಾರ್ತ, ಬ್ಯಾಂಕಾಕ್, ಬೆಂಗಳೂರುಗಳಲ್ಲಿ ಇದರ ಪೂರ್ತಿ ತದ್ವಿರುದ್ಧ. ಅಲ್ಲಿ ಶನಿವಾರ ಬಂದರೆ ಊರಿನ ಸಂಸಾರಗಳೇ ಮಕ್ಕಳ ಸಮೇತ ಒಂದು ರಾತ್ರಿಗೆಂದು ಬಂದು ಸೇರುತ್ತವೆ. ಲೌಂಜಿನಲ್ಲಿ ಕೂರಲು ಜಾಗ ಸಿಗದಿರುವುದೇ ಆಗ.

ವಾರದ ದಿನಗಳಲ್ಲಿ ಆ ಬಾಗಿಲು ತೆರೆದಾಗಲೂ ಒಳಗೆ ಕಂಡದ್ದು ಕ್ಯಾರೆಟ್ಟು, ಸೆಲರಿ ಕಡ್ಡಿ, ಅದ್ದಿಕೊಳ್ಳಲು ಹಮ್ಮಸ್, ಒಂದು ತಟ್ಟೆ ಚೀಸು, ಯಂತ್ರದ ಕಾಫಿ. ನಮ್ಮ ಮ್ಯಾನೇಜರು ಬಿಯರಿಗೆ ಕೈ ಹಾಕಿದರೆ ಅದಕ್ಕೆ ಬೆಲೆಯ ಚೀಟಿ. ‘ಇಲ್ಲಿಗೆ ಬರೋಕೆ ಐವತ್ತು ರಾತ್ರಿ ಮಲಗಬೇಕಿತ್ತಾ ಸಾರ್?’ ಎಂದರು. ಇದರ ಹಿಂದೆ ಕಾನೂನಿನ ಕೈಯೂ ಇದೆ. ಅಮೆರಿಕದಲ್ಲಿ ಮದ್ಯದ ನಿಯಮ ರಾಜ್ಯಕ್ಕೊಂದು. ಮ್ಯಾಸಚೂಸೆಟ್ಸ್ 1984ರಲ್ಲೇ ಹ್ಯಾಪಿ ಅವರ್ ನಿಷೇಧಿಸಿತು; ಶಿಕಾಗೋ ಇರುವ ಇಲಿನಾಯ್ 1989ರಲ್ಲಿ ಅದೇ ಹಾದಿ ಹಿಡಿದು 2015ರಲ್ಲಿ ಸ್ವಲ್ಪ ಸಡಿಲಿಸಿತು. ಕುಡಿದು ಹೋದವನು ಯಾರಿಗಾದರೂ ಗುದ್ದಿದರೆ ಕುಡಿಸಿದವನ ಮೇಲೂ ದಾವೆ ಹೂಡಬಹುದಾದ ಕಾನೂನು ಅಲ್ಲಿನ ಅನೇಕ ರಾಜ್ಯಗಳಲ್ಲಿದೆ. ಬಿಟ್ಟಿ ಹೆಂಡ ಸುರಿಯಲು ಯಾವ ಮಾಲೀಕ ಮುಂದೆ ಬಂದಾನು?

ಮಾಲೀಕ ಎಂದೆನಲ್ಲ, ಅದು ಬಹಳ ಜನಕ್ಕೆ ತಿಳಿಯದ ಸಂಗತಿ. ಹೋಟೆಲಿನ ತಲೆಯ ಮೇಲೆ ಹೊಳೆಯುವ ಹೆಸರಿನವರು ಸಾಮಾನ್ಯವಾಗಿ ಆ ಕಟ್ಟಡದ ಒಡೆಯರಲ್ಲ. ಮ್ಯಾರಿಯಟ್ ಕಂಪನಿ 1993ರಲ್ಲಿ ಎರಡಾಗಿ ಒಡೆಯಿತು: ಹೆಸರು ಮತ್ತು ನಿರ್ವಹಣೆ ಒಂದು ಕಡೆ, ಕಟ್ಟಡಗಳೆಲ್ಲ ಹೋಸ್ಟ್ ಎಂಬ ಇನ್ನೊಂದು ಕಂಪನಿಗೆ. ನಮ್ಮ ಬೆಂಗಳೂರಿನಲ್ಲೂ ನೋಡಿ, ಮಲ್ಲೇಶ್ವರ ರಾಜಾಜಿನಗರದ ನಡುವಿನ ಶೆರಟನ್ ಗ್ರ್ಯಾಂಡ್ ಕಟ್ಟಿಸಿದ್ದು ಬ್ರಿಗೇಡ್‌ನವರು, ಹಲಸೂರು ಕೆರೆ ಪಕ್ಕದ ಕಾನ್ರಾಡ್ ಪ್ರೆಸ್ಟೀಜ್‌ನವರದು. ಕಾರ್ಡು ಕೊಟ್ಟು ಆಸೆ ಹುಟ್ಟಿಸುವುದು ಸರಪಳಿಯ ಕಂಪನಿ, ಸಮೋಸದ ಖರ್ಚು ಬೀಳುವುದು ಕಟ್ಟಡದ ಮಾಲೀಕನ ಮೇಲೆ. ಅಮೆರಿಕದಲ್ಲಿ ಮಾಲೀಕ ಎಂದರೆ ಬಹಳ ಕಡೆ ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಉತ್ತರ ಹೇಳಬೇಕಾದ ಹೂಡಿಕೆ ಸಂಸ್ಥೆ. ಅದು ಪ್ರತಿ ಕ್ಯಾರೆಟ್ಟಿಗೂ ಲೆಕ್ಕ ಕೇಳುತ್ತದೆ. ಏಷ್ಯಾದಲ್ಲಿ ಮಾಲೀಕ ಬಹುಪಾಲು ಒಂದು ಶ್ರೀಮಂತ ಮನೆತನ ಅಥವಾ ರಿಯಲ್ ಎಸ್ಟೇಟ್ ಕುಳ. ಅವರಿಗೆ ಹೋಟೆಲು ಲಾಭದ ವ್ಯವಹಾರವೂ ಹೌದು, ಊರಲ್ಲಿ ತಲೆಯೆತ್ತಿ ಓಡಾಡುವ ಪ್ರತಿಷ್ಠೆಯೂ ಹೌದು. ಪಕ್ಕದ ಹೋಟೆಲಿನ ಲೌಂಜಿನಲ್ಲಿ ಆರು ಬಗೆ ಇದ್ದರೆ ತಮ್ಮಲ್ಲಿ ಎಂಟಿರಲಿ ಎನ್ನುವ ಹಟ ಅಲ್ಲಿ ಕೆಲಸ ಮಾಡುತ್ತದೆ.

ಹೆಸರಿನ ಅಂತಸ್ತೂ ಕಡಲು ದಾಟಿದರೆ ಬದಲಾಗುತ್ತದೆ. ಕೋರ್ಟ್‌ಯಾರ್ಡ್ ಎಂಬುದು ಅಮೆರಿಕದಲ್ಲಿ ಸಾಧಾರಣ ಹೋಟೆಲು, ಬೆಳಗಿನ ತಿಂಡಿಗೂ ದುಡ್ಡು. ನಮ್ಮಲ್ಲಿ ಅದೇ ಹೆಸರಿನ ಕಟ್ಟಡದಲ್ಲಿ ಅದ್ದೂರಿ ಮದುವೆಗಳು ನಡೆಯುತ್ತವೆ. ಏಷ್ಯಾದ ಕೆಲವು ಕೋರ್ಟ್‌ಯಾರ್ಡ್‌ಗಳಲ್ಲಿ ಲೌಂಜು ಕೂಡ ಇದೆ. ಇನ್ನೊಂದು ವಿಚಿತ್ರವೆಂದರೆ, ಅಮೆರಿಕದಲ್ಲಿ ಹೋಟೆಲು ಸಣ್ಣದಾದಷ್ಟೂ ತಿಂಡಿ ಗ್ಯಾರಂಟಿ. ಹೆದ್ದಾರಿ ಪಕ್ಕದ ಹ್ಯಾಂಪ್ಟನ್ ಇನ್, ಹಾಲಿಡೇ ಇನ್ ಎಕ್ಸ್‌ಪ್ರೆಸ್‌ಗಳಲ್ಲಿ ತಂಗಿದ ಎಲ್ಲರಿಗೂ ಬೆಳಿಗ್ಗೆ ಬಿಟ್ಟಿ ತಿಂಡಿ. ಮನೆಯಲ್ಲಿ ದೋಸೆ ಹುಯ್ದ ಹಾಗೆ ನಾವೇ ಹಿಟ್ಟು ಸುರಿದು ವಾಫಲ್ ಮಾಡಿಕೊಳ್ಳಬಹುದು. ದೊಡ್ಡ ಹೋಟೆಲುಗಳು ಮಾತ್ರ ಕೈ ಬಿಗಿ ಮಾಡುತ್ತ ಬಂದಿವೆ. 2021ರಲ್ಲಿ ಹಿಲ್ಟನ್ ತನ್ನ ಅಮೆರಿಕದ ಅನೇಕ ಹೋಟೆಲುಗಳಲ್ಲಿ ಗೋಲ್ಡ್, ಡೈಮಂಡ್ ಸದಸ್ಯರ ಬಿಟ್ಟಿ ತಿಂಡಿ ತೆಗೆದು, ದಿನಕ್ಕಿಷ್ಟು ಡಾಲರು ಎಂದು ಊಟದ ಕ್ರೆಡಿಟ್ ಕೊಡತೊಡಗಿತು. ಕೊರೊನಾ ಕಾಲದಲ್ಲಿ ಮುಚ್ಚಿದ ಎಷ್ಟೋ ಲೌಂಜುಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಹೀಗಾಗಿ ಅಮೆರಿಕಕ್ಕೆ ಹೊರಡುವ ನಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟೆ: ಅಲ್ಲಿ ಲೌಂಜು ಹುಡುಕಿಕೊಂಡು ಹೋಗಬೇಡಿ, ಫ್ರಿಜ್ಜು, ಮೈಕ್ರೋವೇವ್ ಇರುವ ರೂಮು ನೋಡಿ, ಎಂಟಿಆರ್ ಪೊಟ್ಟಣ ನಿಮ್ಮನ್ನು ಕಾಪಾಡುತ್ತದೆ.

ಕುಡಿಯದವನಿಗೆ ಸ್ವರ್ಗ ಯಾವುದು ಎಂದು ಕೇಳಿದರೆ ನಾನು ಕೊಲ್ಲಿ ದೇಶ ಎನ್ನುತ್ತೇನೆ. ರಿಯಾದ್, ಕುವೈತ್, ಯುಎಇಯಲ್ಲೇ ಇರುವ ಶಾರ್ಜಾ, ಈ ಕಡೆಗಳಲ್ಲಿ ಹೋಟೆಲಿನಲ್ಲೂ ಮದ್ಯವಿಲ್ಲ. ಹಾಗಾಗಿ ಸಂಜೆಯ ಖರ್ಚೆಲ್ಲ ತಿನಿಸಿನ ಕಡೆ ಹರಿಯುತ್ತದೆ: ಹಮ್ಮಸ್, ಮುತಬ್ಬಲ್, ಬಿಸಿ ಫಲಾಫೆಲ್, ತಬ್ಬೂಲೆ, ಹತ್ತು ಬಗೆಯ ಖರ್ಜೂರ, ಏಲಕ್ಕಿ ಹಾಕಿದ ಗಹ್ವಾ ಎಂಬ ಅರಬ್ಬಿ ಕಾಫಿ. ಅಮೆರಿಕದಲ್ಲಿ ಪ್ಲಾಸ್ಟಿಕ್ ಬಟ್ಟಲಿನಿಂದ ಬಂದ ಹಮ್ಮಸ್ ತಿಂದು ಬೇಸತ್ತವನಿಗೆ ಇಲ್ಲಿನದು ಬೇರೆಯೇ ಪದಾರ್ಥ ಎನಿಸುತ್ತದೆ. ಮ್ಯಾನೇಜರಿಗೆ ಈ ಊರುಗಳು ಉಪವಾಸ ವ್ರತ; ಅವರಿಗೇನಿದ್ದರೂ ದುಬೈ. ಅಲ್ಲಿ ಹೋಟೆಲುಗಳಿಗೆ ಪರವಾನಗಿ ಇದೆ, ಲೌಂಜುಗಳ ಸಂಜೆಯೂ ಕೈ ತುಂಬ. ಆದರೆ ರಂಜಾನ್ ತಿಂಗಳಲ್ಲಿ ಹೋಗುವವರು ಹೊತ್ತು ಗೊತ್ತುಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಆಗ ಎಷ್ಟೋ ಕಡೆ ಸಂಜೆಯ ವೇಳೆ ಇಫ್ತಾರಿಗೆ ಹೊಂದಿಕೊಂಡು ಸರಿಯುತ್ತದೆ. ಉಪವಾಸ ಇಲ್ಲದವರೂ ಸೂರ್ಯಾಸ್ತಕ್ಕೆ ಎರಡು ನಿಮಿಷ ಕಾದು ಎಲ್ಲರ ಜೊತೆ ಖರ್ಜೂರ ಬಾಯಿಗಿಟ್ಟರೆ ಅಲ್ಲಿನವರು ತೋರಿಸುವ ವಿಶ್ವಾಸವೇ ಬೇರೆ.

ಕೊಲ್ಲಿಯ ಲೌಂಜುಗಳಲ್ಲಿ ನಮಗೆ ಇನ್ನೊಂದು ಅನುಕೂಲವುಂಟು, ಅದು ಯಾವ ನಿಯಮದಲ್ಲೂ ಬರೆದಿಲ್ಲ. ದುಬೈಯಲ್ಲಿ ಒಮ್ಮೆ ಸೂಪಿನ ಪಾತ್ರೆಯ ಮುಂದೆ ನಿಂತಿದ್ದೆ. ಬಡಿಸುವ ಹುಡುಗ ನನ್ನ ಫೋನಿನ ಮಾತು ಕೇಳಿಸಿಕೊಂಡಿದ್ದ ಅಂತ ಕಾಣುತ್ತದೆ. ಹತ್ತಿರ ಬಂದು, ‘ಸರ್, ಆ ಸೂಪ್ ಬ್ಯಾಡ, ಅದ್ರಲ್ ಕೋಳಿ ಸ್ಟಾಕ್ ಇತ್ತ್’ ಎಂದ. ಊರು ಯಾವುದು ಎಂದರೆ ಕೋಟ. ಮೇಲ್ನೋಟಕ್ಕೆ ಆ ಸೂಪು ಬರೀ ಬೇಳೆ ಸಾರು. ಆಮೇಲಿನ ಸಂಜೆಗಳಲ್ಲಿ ಅವನ ಕಣ್ಸನ್ನೆಯೇ ನನಗೆ ಮೆನು. ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗರು ಕೊಲ್ಲಿಯ ಹೋಟೆಲುಗಳಲ್ಲಿ ಇಂದು ನಿನ್ನೆಯಿಂದ ಇರುವವರಲ್ಲ. ಮಣಿಪಾಲದಲ್ಲಿ 1986ರಲ್ಲಿ ವೆಲ್‌ಕಮ್‌ಗ್ರೂಪ್ ಹೆಸರಿನ ಹೋಟೆಲ್ ಆಡಳಿತ ಶಾಲೆ ಶುರುವಾದ ಮೇಲೆ ಮೇಲಿನ ಹುದ್ದೆಗಳಲ್ಲೂ ಕರಾವಳಿಯ ಗಾಳಿ ಬೀಸತೊಡಗಿತು. ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ, ಶೆಟ್ಟಿ, ಪೂಜಾರಿ, ಡಿಸೋಜ ಎಂದಿದ್ದರೆ ಧೈರ್ಯವಾಗಿ ಕನ್ನಡದಲ್ಲೇ ಕೇಳಿ. ಹತ್ತರಲ್ಲಿ ಐದು ಸಲ ಉತ್ತರ ತುಳುವಿನಲ್ಲಿ ಬಂದರೂ ಕೆಲಸ ಆಗುತ್ತದೆ.

ಮದ್ಯದ ಕಾನೂನಿನ ಆಟ ನೋಡಲು ಕೊಲ್ಲಿಗೇ ಹೋಗಬೇಕಿಲ್ಲ. ರಾಜ್‌ಕೋಟ್ ನಮ್ಮ ಪೀಣ್ಯದ ಹಾಗೆಯೇ ಲೇತು, ಮಿಲ್ಲಿಂಗು ಯಂತ್ರಗಳ ಊರು. ಗುಜರಾತಿನಲ್ಲಿ ಪಾನನಿಷೇಧವಿರುವುದರಿಂದ ಅಲ್ಲಿನ ಹೋಟೆಲುಗಳ ಸಂಜೆ ಎಂದರೆ ಮಜ್ಜಿಗೆ, ಶರಬತ್ತು, ಢೋಕ್ಲಾ. ಬೆಂಗಳೂರಿನಲ್ಲೇ ಅಕ್ಟೋಬರ್ 2ಕ್ಕೆ ಅಥವಾ ಮತದಾನ ಮುಗಿಯುವ ಮೊದಲಿನ ಎರಡು ದಿನಗಳಲ್ಲಿ ಎಂಥ ದುಬಾರಿ ಲೌಂಜಿನಲ್ಲೂ ಬಾಟಲಿ ಹೊರಬರುವುದಿಲ್ಲ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ನಡೆದಾಗ ಬರುವ ವಿದೇಶಿ ಗಿರಾಕಿಗಳಿಗೆ ಇಂಥ ನಮ್ಮೂರಿನ ನಿಯಮಗಳನ್ನೆಲ್ಲ ನಾವು ಮೊದಲೇ ಬರೆದು ಕಳಿಸುತ್ತೇವೆ. ಥಾಯ್ಲೆಂಡಿನಲ್ಲೂ ಬೌದ್ಧರ ದೊಡ್ಡ ಹಬ್ಬಗಳಂದು ಇಂಥದೇ ನಿಷೇಧವಿತ್ತು, 2025ರಲ್ಲಿ ಹೋಟೆಲುಗಳ ಮಟ್ಟಿಗೆ ಸಡಿಲಿಸಿದರು. ಸುಂಕದ ಮಾತೂ ಇದೆ. ಹಾಂಗ್‌ಕಾಂಗ್ 2008ರಲ್ಲಿ ವೈನು, ಬಿಯರಿನ ಮೇಲಿನ ಸುಂಕವನ್ನೇ ತೆಗೆದುಹಾಕಿತು; ಸಿಂಗಪುರ ಮಾತ್ರ ಕಟ್ಟುನಿಟ್ಟಾಗಿ ಸುಂಕ ವಸೂಲಿ ಮಾಡುತ್ತದೆ. ಹೊರಗಿನ ಬಾರಿನಲ್ಲಿ ಒಂದು ಲೋಟದ ಬೆಲೆ ಕೇಳಿ ಬೆಚ್ಚಿದ ಮ್ಯಾನೇಜರು ಸಿಂಗಪುರದಲ್ಲಿ ಲೌಂಜು ಬಿಟ್ಟು ಅಲ್ಲಾಡುವುದಿಲ್ಲ.

ಹ್ಯಾನೋವರಿಗೆ ಬರೋಣ. ಪ್ರದರ್ಶನದ ವಾರ ಅಲ್ಲಿ ಹೋಟೆಲಿನ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಊರಿನವರು ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ನಾನು ಎರಡನ್ನೂ ನೋಡಿದ್ದೇನೆ. ಅಜ್ಜಿಯೊಬ್ಬರ ಮನೆಯ ಅಡುಗೆ ಮೇಜಿನಲ್ಲಿ ಸಿಕ್ಕ ಬ್ರೆಡ್ಡು, ಬೆಣ್ಣೆ, ಪ್ಲಮ್ಮಿನ ಜಾಮು ಅಲ್ಲಿನ ಯಾವ ಲೌಂಜಿಗಿಂತಲೂ ಮೇಲು. ಜರ್ಮನಿಯ ಲೌಂಜು ಎಂದರೆ ಸದ್ದಿಲ್ಲದ ಕೋಣೆ, ಗಾಜಿನ ಬಾಗಿಲಿನ ಫ್ರಿಜ್ಜು, ಅದರೊಳಗೆ ಬಿಯರು, ಗುಳ್ಳೆಯೇಳುವ ನೀರು. ಬೇಕಾದ್ದು ನಾವೇ ತೆಗೆದುಕೊಳ್ಳಬೇಕು. ಯಾರೂ ಎಣಿಸುವುದಿಲ್ಲ, ಯಾರೂ ಉಪಚರಿಸುವುದೂ ಇಲ್ಲ. ಅಲ್ಲಿ ಲೌಂಜಿನ ತಿಂಡಿಗಿಂತ ಕೆಳಗಿನ ರೆಸ್ಟೋರೆಂಟಿನ ತಿಂಡಿ ಎಷ್ಟೋ ವಾಸಿ. ಕಾರ್ಡಿನ ಮೇಲೆ ಅಲ್ಲಿಗೇ ಬಿಡುತ್ತೀರಾ ಎಂದು ಚೆಕ್-ಇನ್ ಮಾಡುವಾಗಲೇ ಕೇಳಿ, ಅನೇಕರು ಒಪ್ಪುತ್ತಾರೆ.

ಜರ್ಮನ್ ಬಿಲ್ಲಿನಲ್ಲಿ ತಿಂಡಿಯನ್ನು ಯಾಕೆ ಬೇರೆ ಸಾಲಿನಲ್ಲಿ ತೋರಿಸುತ್ತಾರೆ ಎಂಬುದು ನಮ್ಮ ಅಕೌಂಟ್ಸ್ ವಿಭಾಗದವರ ಹಳೆಯ ಪ್ರಶ್ನೆ. 2010ರಲ್ಲಿ ಕೋಣೆಯ ಬಾಡಿಗೆಯ ಮೇಲಿನ ತೆರಿಗೆಯನ್ನು 7 ಪ್ರತಿಶತಕ್ಕೆ ಇಳಿಸಿದರು, ತಿಂಡಿಯದು ಆಗ 19ರಲ್ಲೇ ಉಳಿಯಿತು, ಬೇರ್ಪಡಿಸದೆ ವಿಧಿಯಿರಲಿಲ್ಲ. ಅಲ್ಲಿನ ನಮ್ಮ ಏಜೆಂಟರು ಇನ್ನೊಂದು ಸಂಗತಿ ಹೇಳಿದರು. ಜರ್ಮನ್ ನೌಕರನಿಗೆ ದೇಶದೊಳಗಿನ ಪ್ರವಾಸದ ಪೂರ್ತಿ ದಿನಕ್ಕೆ 28 ಯೂರೊ ಭತ್ಯೆ. ಕಂಪನಿ ತಿಂಡಿ ಒದಗಿಸಿದರೆ ಅದರಲ್ಲಿ 5.60 ಯೂರೊ ಕಡಿತ. ನಮ್ಮಲ್ಲಿ ಭತ್ಯೆ ಪೂರ್ತಿ ಜೇಬಿಗಿಳಿಸಿ ಲೌಂಜಿನಲ್ಲಿ ಮೂರು ಹೊತ್ತು ಮುಗಿಸುವ ಜಾಣರು ಇದನ್ನು ಕೇಳಿ ನಿಟ್ಟುಸಿರು ಬಿಡುವುದು ಒಳ್ಳೆಯದು, ನಮ್ಮ ಆಡಳಿತದವರ ಕಿವಿಗೆ ಬೀಳಿಸದಿರುವುದು ಇನ್ನೂ ಒಳ್ಳೆಯದು.

ಟೋಕಿಯೋದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಮಯ ಎಂದರೆ ಸಮಯ. ಎಂಟಕ್ಕೆ ಮುಗಿಯುತ್ತದೆ ಎಂದರೆ ಎಂಟಕ್ಕೆ ತಟ್ಟೆಗಳು ಮಾಯ. ತಿನಿಸು ಕಡಿಮೆ, ಆದರೆ ಒಂದೊಂದೂ ಅಚ್ಚುಕಟ್ಟು. ಚಿಕ್ಕ ಮಕ್ಕಳನ್ನು ಸಂಜೆ ಹೊತ್ತು ಒಳಗೆ ಬಿಡದ ಲೌಂಜುಗಳು ಹಲವು. ಸಂಸಾರ ಸಮೇತ ಹೋಗುವವರು ಇದನ್ನು ಗಮನಿಸಬೇಕು. 2024ರಲ್ಲಿ ಜಪಾನಿಗೆ ಸುಮಾರು 3.69 ಕೋಟಿ ವಿದೇಶಿಯರು ಬಂದರು, ಹೀಗಾಗಿ ಕಾರ್ಡಿದ್ದರೂ ಕುರ್ಚಿಗೆ ಕಾಯುವುದು ಅಲ್ಲಿ ಈಗ ಮಾಮೂಲು.

ಇನ್ನು ನಮ್ಮೂರಿನ ಲೌಂಜು. ಮಧ್ಯಾಹ್ನದ ಹೈ ಟೀ ಎಂದು ಸಮೋಸ, ಬೋಂಡ. ಸಂಜೆಗೆ ಪನೀರ್ ಟಿಕ್ಕಾ. ಕೇಳಿದರೆ ಫಿಲ್ಟರ್ ಕಾಫಿ. ಜಗತ್ತಿನ ಯಾವ ಊರಿಗೂ ಕಡಿಮೆಯಿಲ್ಲ. ಕಡಿಮೆ ಇರುವುದು ನಮ್ಮಲ್ಲಿ. ಸ್ಪೀಕರ್ ಹಾಕಿ ವಿಡಿಯೋ ಕಾಲ್ ಮಾಡುವುದು, ಬಾಳೆಹಣ್ಣು, ಸೇಬನ್ನು ಚೀಲಕ್ಕಿಳಿಸುವುದು, ಜೊತೆಗೆ ಒಬ್ಬರಿಗೆ ಅವಕಾಶವಿದ್ದರೆ ನಾಲ್ವರನ್ನು ಕರೆದೊಯ್ದು ‘ಐದೇ ನಿಮಿಷ’ ಎನ್ನುವುದು. ಬಾಗಿಲಲ್ಲಿ ನಿಂತ ಹುಡುಗಿ ಬೇಡ ಎನ್ನಲಾರಳು, ಹೂಂ ಎಂದರೆ ಮೇಲಿನವರ ಬೈಗುಳ. ಕೂಲಿ ಕಡಿಮೆಯಿರುವ ದೇಶದ ಸೌಜನ್ಯವನ್ನು ಹೀಗೆ ಹಿಂಡುವುದನ್ನು ನೋಡಿದಾಗ ನನಗೆ ಜರ್ಮನಿಯ ಮೌನವಾದ ಫ್ರಿಜ್ಜೇ ಮರ್ಯಾದಸ್ಥ ಎನಿಸಿದ್ದುಂಟು.

ಹಾಗಾದರೆ ಕಾರ್ಡಿಲ್ಲದವರು ದುಡ್ಡು ಕೊಟ್ಟು ಕ್ಲಬ್ ರೂಮು ತೆಗೆದುಕೊಳ್ಳಬೇಕೇ? ಆಗ್ನೇಯ ಏಷ್ಯಾದಲ್ಲಿ, ಇಬ್ಬರು ಹೋಗಿ ಬೆಳಿಗ್ಗೆ ಸಂಜೆ ಅಲ್ಲೇ ತಿನ್ನುವುದಾದರೆ, ಹೂಂ. ಸಿಂಗಪುರದಲ್ಲಿ ಕುಡಿಯುವವರಿಗೆ ಹೂಂ. ಅಮೆರಿಕದಲ್ಲಿ ಬೇಡವೇ ಬೇಡ. ಯುರೋಪಿನಲ್ಲಿ ಹೆಚ್ಚಾಗಿ ಬೇಡ. ಅದೇ ದುಡ್ಡಿಗೆ ಹೊರಗೆ ಒಳ್ಳೆಯ ಊಟವಿದೆ. ಭಾರತದಲ್ಲಿ ಒಂದು ತೆರಿಗೆಯ ಗುಂಡಿ ಇದೆ, ಅದನ್ನು ನೋಡಿಕೊಂಡು ಕಾಲಿಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ 5 ಪ್ರತಿಶತ, ಅದನ್ನು ದಾಟಿದರೆ 18. ಏಳು ಸಾವಿರದ ಕೋಣೆಗೆ ತೆರಿಗೆ 350 ರೂಪಾಯಿ. ಎರಡು ಸಾವಿರ ಸೇರಿಸಿ ಒಂಬತ್ತು ಸಾವಿರದ ಕ್ಲಬ್ ರೂಮಿಗೆ ಏರಿದರೆ ತೆರಿಗೆಯೇ 1,620. ಎರಡು ಸಾವಿರದ ಲೌಂಜು ಎಂದು ಹೊರಟಿದ್ದು ಮೂರು ಸಾವಿರ ದಾಟುತ್ತದೆ.

ಕಾರ್ಡಿರಲಿ, ದುಡ್ಡೇ ಕೊಡಲಿ, ಬುಕ್ ಮಾಡುವ ಮೊದಲು ಆ ಹೋಟೆಲಿಗೇ ನೇರವಾಗಿ ಒಂದು ಇಮೇಲ್ ಬರೆಯಿರಿ. ಸರಪಳಿಯ ಕಾಲ್ ಸೆಂಟರಿನವರು ನಿಯಮ ಓದಿ ಹೇಳುತ್ತಾರೆ, ಲೌಂಜಿನ ಬಾಗಿಲು ತೆರೆದಿದೆಯೇ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ನಾವು ಇರುವ ದಿನಗಳಲ್ಲಿ, ಶನಿವಾರ ಭಾನುವಾರ ಸೇರಿ, ಲೌಂಜು ತೆರೆದಿರುತ್ತದೆಯೇ? ಸಂಜೆ ಬಿಸಿ ತಿನಿಸು ಇದೆಯೇ, ಅದರಲ್ಲಿ ಸಸ್ಯಾಹಾರ ಏನು? ಜೊತೆಗೆ ಎಷ್ಟು ಜನ ಬರಬಹುದು, ಮಕ್ಕಳಿಗೆ ಪ್ರವೇಶವಿದೆಯೇ? ತಿಂಡಿ ಮೇಲೋ ಕೆಳಗೋ? ಒಳ್ಳೆಯ ಲೌಂಜು ನಡೆಸುವವರು ಮರುದಿನವೇ ಸಂತೋಷದಿಂದ ಉತ್ತರ ಬರೆಯುತ್ತಾರೆ. ಎರಡು ದಿನ ಕಾಯಿರಿ. ಉತ್ತರ ಬಾರದಿದ್ದರೆ ಸಾಧಾರಣ ರೂಮನ್ನೇ ತೆಗೆದುಕೊಳ್ಳಿ.